ಇನ್ನು ಸಹಿ ನಿನ್ನದೇ

ಪಿಯುಸಿ ಫಲಿತಾಂಶ ಬಂದು, ಸಿಇಟಿ ಸೀಟು ಹಂಚಿಕೆಯ ಗಡಿಬಿಡಿ ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳ ಜಗಲಿಗೆ ಒಂದು ದೊಡ್ಡ ಸೂಟ್‌ಕೇಸ್ ಬರುತ್ತದೆ. ಹೊದಿಕೆ, ಬಕೆಟ್, ಚಾರ್ಜರ್, ಉಪ್ಪಿನಕಾಯಿ ಬಾಟಲಿ, ಅಂಕಪಟ್ಟಿಯ ಹತ್ತು ಜೆರಾಕ್ಸ್ ಪ್ರತಿ, ಎಲ್ಲದಕ್ಕೂ ಪಟ್ಟಿ ಇರುತ್ತದೆ. ಆದರೆ ಮನೆಯಲ್ಲಿ ಇಷ್ಟು ವರ್ಷ ನೋಡಿ ಬೆಳೆದ ದೈವಭಕ್ತಿಯನ್ನು ಮಕ್ಕಳು ಹೇಗೆ ಕೊಂಡೊಯ್ಯಬೇಕು? ಕ್ರೈಸ್ತ ಕುಟುಂಬದ ಅಜ್ಜನಾಗಿ ನಮ್ಮ ಮನೆಯ ಸಂಗತಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವವರಿರಬಹುದು, ನಮಾಜು ಮಾಡುವವರಿರಬಹುದು. ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ.

ನಾವು ಮಂಗಳೂರು ಕಡೆಯ ಪ್ರಾಟೆಸ್ಟೆಂಟರು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್‌ನಿಂದ ಬೆಳೆದ ಸಭೆ ನಮ್ಮದು. ಮನೆಮಾತು ತುಳು, ಪ್ರಾರ್ಥನೆ ಕನ್ನಡದಲ್ಲಿ. ರಾತ್ರಿ ಊಟಕ್ಕೆ ಮೊದಲು ಸತ್ಯವೇದದ ಒಂದು ಅಧ್ಯಾಯ, ಒಂದು ಕೀರ್ತನೆ, ಒಂದು ಸಣ್ಣ ಪ್ರಾರ್ಥನೆ. ಇದು ನನ್ನ ಅಜ್ಜನ ಕಾಲದಿಂದ ನಡೆದುಬಂದ ಕ್ರಮ.

ನನ್ನ ಮೊಮ್ಮಗನಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಆ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಅವನ ಅಪ್ಪ, ಎಂದರೆ ನನ್ನ ಮಗ, ಸತ್ಯವೇದವನ್ನು ಅವನ ಮುಂದಿಟ್ಟು, "ಇದನ್ನು ಮುಟ್ಟಿ ಮಾತು ಕೊಡು. ಒಂದು ಭಾನುವಾರವೂ ಚರ್ಚ್ ತಪ್ಪಿಸುವುದಿಲ್ಲ ಅಂತ ಹೇಳು" ಎಂದ.

ಹುಡುಗ ಕೈ ಮುಂದೆ ಚಾಚಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿಗೆ ಹೋದ ಮೇಲೆ ನನಗೆ ಹೇಗನ್ನಿಸುತ್ತದೋ ನನಗೇ ಗೊತ್ತಿಲ್ಲ ಅಪ್ಪಾ. ದೇವರ ಹೆಸರಿನಲ್ಲಿ ಸುಳ್ಳು ಮಾತು ಹೇಗೆ ಕೊಡಲಿ?" ಎಂದ.

ಮನೆಯೆಲ್ಲ ಮೌನ. ಸೊಸೆಯ ಕಣ್ಣು ತುಂಬಿತು. ನಾನು ಮಗನಿಗೆ ಹೇಳಿದೆ: "ಮಾತಿಗೆ ಬೆಲೆ ಇದೆ ಅಂತ ಇವನಿಗೆ ಗೊತ್ತಿದೆ. ಇದನ್ನು ಇವನು ಕಲಿತದ್ದು ಇದೇ ಮನೆಯಲ್ಲಿ. ಒತ್ತಾಯ ಬೇಡ."

ಹೀಗೆ ಹೇಳಲು ನನಗೆ ಧೈರ್ಯ ಕೊಟ್ಟದ್ದು ಬ್ಯಾಂಕಿನ ಕೌಂಟರ್. ಅಲ್ಲಿ ಮೈನರ್ ಖಾತೆ ಎಂದು ಒಂದಿದೆ. ಮಗುವಿನ ಹೆಸರಿನಲ್ಲಿ ಖಾತೆ, ಸಹಿ ಮಾತ್ರ ಪೋಷಕರದ್ದು. ಮಗುವಿಗೆ 18 ತುಂಬಿದ ದಿನ ಪೋಷಕರ ಅಧಿಕಾರ ಮುಗಿಯುತ್ತದೆ. ಖಾತೆದಾರನನ್ನೇ ಕರೆಸಿ ಹೊಸದಾಗಿ ಮಾದರಿ ಸಹಿ ತೆಗೆದುಕೊಳ್ಳುತ್ತೇವೆ. "ನಾನೇ ಅಪ್ಪ, ನಾನೇ ಸಹಿ ಹಾಕುತ್ತೇನೆ" ಎಂದು ವಾದಿಸಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ನಿಯಮ ನಿಯಮವೇ. ಹಣ ಕಟ್ಟಿದ್ದು ಅಪ್ಪನಾದರೂ ಖಾತೆ ಮಗನದ್ದು.

ನಮ್ಮ ಸಭೆಯ ಕನ್ಫರ್ಮೇಶನ್‌ನಲ್ಲೂ ಇರುವುದು ಇದೇ. ಶಿಶುವಿನ ದೀಕ್ಷಾಸ್ನಾನದಲ್ಲಿ ಹೆತ್ತವರು ಕೊಟ್ಟ ಮಾತನ್ನು, ಬೆಳೆದ ಮಕ್ಕಳು ಸಭೆಯ ಮುಂದೆ ತಾವೇ ಹೇಳುತ್ತಾರೆ. ಅಂದಿನಿಂದ ವಿಶ್ವಾಸ ಅವರ ಸ್ವಂತದ್ದು. ಬಾಯಲ್ಲಿ ಹೇಳಿದ್ದು ಬದುಕಿಗೆ ಇಳಿಯುವುದು ಮಾತ್ರ ಮನೆಯಿಂದ ದೂರ ಹೋದಾಗಲೇ.

ಹೊರಡಲು ಎರಡು ತಿಂಗಳಿತ್ತು. ರಾತ್ರಿಯ ಪ್ರಾರ್ಥನೆಯನ್ನು ಮೊಮ್ಮಗನ ಕೈಗೆ ಬಿಟ್ಟೆವು. ಯಾವ ಅಧ್ಯಾಯ, ಯಾವ ಕೀರ್ತನೆ, ಎಲ್ಲ ಅವನ ಆಯ್ಕೆ. ಅವನು ಮೊದಲು ಆರಿಸಿಕೊಂಡದ್ದು ದಾನಿಯೇಲನ ಕಥೆ. ಮಕ್ಕಳೇ, ನಿಮಗೆ ಸಿಂಹಗಳ ಗವಿಯ ದಾನಿಯೇಲ ಗೊತ್ತಿರಬಹುದು. ಕಥೆ ಶುರುವಾಗುವುದು ಅದಕ್ಕಿಂತ ಎಷ್ಟೋ ಮೊದಲು. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಳಾಗಿ ಒಯ್ದ ಹುಡುಗ ಅವನು. ಅಲ್ಲಿ ಮೂರು ವರ್ಷ ಪರಭಾಷೆ, ಪರವಿದ್ಯೆ ಕಲಿಯಬೇಕಿತ್ತು. "ನನ್ನ ಬಿ.ಕಾಂ. ಕೂಡ ಮೂರೇ ವರ್ಷ!" ಎಂದು ನಾನು ನಗಿಸಿದೆ.

ದಾನಿಯೇಲ ಅಲ್ಲಿಯ ವಿದ್ಯೆಯನ್ನು ಬೇಡವೆನ್ನಲಿಲ್ಲ, ಚೆನ್ನಾಗಿ ಕಲಿತ. ಅವರು ಇಟ್ಟ ಹೊಸ ಹೆಸರಿಗೂ ಜಗಳ ತೆಗೆಯಲಿಲ್ಲ. ಅರಸನ ಮನೆಯ ಊಟ, ದ್ರಾಕ್ಷಾರಸದ ವಿಷಯದಲ್ಲಿ ಮಾತ್ರ ಒಲ್ಲೆನೆಂದ. ಅದನ್ನೂ ಕೂಗಾಡಿ ಹೇಳಲಿಲ್ಲ. ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ಪರೀಕ್ಷಿಸಿ ನೋಡಿ ಎಂದು ವಿನಯದಿಂದ ಕೇಳಿಕೊಂಡ. ದಿನಕ್ಕೆ ಮೂರು ಸಲ ಪ್ರಾರ್ಥಿಸುವ ರೂಢಿಯನ್ನು ಮುದುಕನಾದರೂ ಬಿಡಲಿಲ್ಲ. ಏಳು, ಮೊಣಕಾಲೂರು ಎಂದು ಹೇಳಲು ಅಲ್ಲಿ ಅವನ ಅಪ್ಪ ಅಮ್ಮ ಇರಲಿಲ್ಲ.

ಆ ದಿನಗಳಲ್ಲಿ ಹುಡುಗ ಪ್ರಶ್ನೆಗಳನ್ನೂ ಕೇಳಿದ. ಜೀವವಿಕಾಸ ಓದಿದವನು ಆದಿಕಾಂಡವನ್ನು ಹೇಗೆ ಓದಬೇಕು? ಒಳ್ಳೆಯವರಿಗೆ ಕ್ಯಾನ್ಸರ್ ಯಾಕೆ ಬರುತ್ತದೆ? ಕೆಲವಕ್ಕೆ ನಾನು ಉತ್ತರಿಸಿದೆ. ಕೆಲವಕ್ಕೆ "ನನಗೂ ಗೊತ್ತಿಲ್ಲ ಮಗಾ" ಎಂದೆ. ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ. ಯೇಸುಸ್ವಾಮಿ ಹನ್ನೆರಡನೆಯ ವಯಸ್ಸಿನಲ್ಲಿ ದೇವಾಲಯದ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದರೆಂದು ಲೂಕನು ಬರೆದಿದ್ದಾನೆ. ಗಾಯಗಳನ್ನು ನೋಡದೆ ನಂಬುವುದಿಲ್ಲ ಎಂದ ತೋಮನನ್ನು ಯಾರೂ ಹೊರಗಟ್ಟಲಿಲ್ಲ. ಅದೇ ತೋಮ ತಮ್ಮ ನಾಡಿಗೆ ಬಂದನೆಂದು ಕೇರಳದ ಸಿರಿಯನ್ ಕ್ರೈಸ್ತರು ಇಂದಿಗೂ ನಂಬುತ್ತಾರೆ.

ಎಲ್ಲಿ "ಇಲ್ಲ" ಎನ್ನಬೇಕು ಎಂಬುದನ್ನೂ ಮಾತಾಡಿಕೊಂಡೆವು. ಕುಡಿತ, ನಕಲು ಇವು ಎಲ್ಲರೂ ಹೇಳುವಂಥವು. ನಾನು ಇನ್ನೊಂದು ಸೇರಿಸಿದೆ. "ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ತೆಗೆದುಕೊಡು, ಕಮಿಷನ್ ಕೊಡುತ್ತೇನೆ" ಎಂದು ಯಾರೇ ಕೇಳಿದರೂ ಒಪ್ಪಬೇಡ. ಎಷ್ಟೋ ಸಲ ಅದು ಯಾರಿಗೋ ಮೋಸ ಮಾಡಿ ತಂದ ಹಣ. ಖಾತೆ ಸ್ಥಗಿತವಾಗುತ್ತದೆ, ಪೊಲೀಸರು ಮೊದಲು ಬರುವುದು ಖಾತೆದಾರನ ಬಾಗಿಲಿಗೆ. ಕದಿಯಬಾರದು ಎಂಬ ದೇವರ ಆಜ್ಞೆ ಹಾಸ್ಟೆಲ್ ಕೋಣೆಯಲ್ಲಿ ಈ ವೇಷದಲ್ಲೂ ಎದುರಾಗುತ್ತದೆ.

ನನ್ನ ವಯಸ್ಸಿನವರಿಗೆ ಒಂದು ಮಾತು. ತಪ್ಪಿಹೋದ ಮಗನ ಸಾಮ್ಯದಲ್ಲಿ ತಂದೆ ಮಗನನ್ನು ಕಟ್ಟಿಹಾಕಲಿಲ್ಲ. ಕೇಳಿದ ಪಾಲು ಕೊಟ್ಟ, ಹೋಗಲು ಬಿಟ್ಟ. ಆದರೆ ಮಗ ಇನ್ನೂ ದೂರದಲ್ಲಿರುವಾಗಲೇ ಅವನನ್ನು ಕಂಡು ಓಡಿ ಬಂದ. ದಾರಿ ನೋಡುತ್ತಿದ್ದವನಿಗಲ್ಲವೇ ದೂರದಿಂದ ಕಾಣುವುದು? ನಮ್ಮ ಕೆಲಸವೂ ಅದೇ: ಬಿಡುವುದು, ಬಾಗಿಲು ತೆರೆದಿಡುವುದು, ದಾರಿ ನೋಡುವುದು. ಫೋನಿನಲ್ಲಿ ಹಾಜರಿ ಕರೆಯುವುದಲ್ಲ.

ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚಿನಲ್ಲಿ ಕನ್ನಡದಲ್ಲಿ ಆರಾಧನೆ ನಡೆಯುತ್ತದೆ ಎಂದಷ್ಟೇ ಅವನಿಗೆ ಹೇಳಿ ಕಳಿಸಿದೆ. ಫೋನ್ ಮಾಡಿದಾಗ ನಾನು ಕೇಳುವುದು "ಊಟ ಆಯಿತಾ? ನಿದ್ದೆ ಸರಿಯಾಗಿ ಬರುತ್ತದಾ?" ಎಂದು. ಕಳೆದ ತಿಂಗಳು ಅವನಾಗಿಯೇ ಹೇಳಿದ: "ಅಜ್ಜ, ಮೂರು ಭಾನುವಾರ ಹೋದೆ. ನಾಲ್ಕನೆಯ ಭಾನುವಾರ ಎಚ್ಚರ ಆಗಲಿಲ್ಲ. ಅಪ್ಪನಿಗೂ ಹೇಳಿದ್ದೇನೆ."

ಅವನ ಅಪ್ಪ ಬೈಯಲಿಲ್ಲ. ನಾವಿಬ್ಬರೂ ಆ ರಾತ್ರಿ ಅವನಿಗಾಗಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಪ್ರಾರ್ಥಿಸಿದೆವು.