ಅಜಂತೆಯಲ್ಲಿ ಪುಲಕೇಶಿಯನ್ನು ಹುಡುಕಿ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸುಳ್ಳಲ್ಲ. ಸಿಲ್ಲೋಡಿಗೆ ವರ್ಗವಾಗಿ ಬಂದು ಎರಡು ವರ್ಷ ಕಳೆದರೂ, ಬಸ್ಸಿನಲ್ಲಿ ಗಂಟೆಯೊಂದರ ದಾರಿಯಾದ ಅಜಂತೆಯನ್ನು ನಾವು ನೋಡಿರಲಿಲ್ಲ. ಹಾಗೆಂದು ಕಚೇರಿಯಲ್ಲಿ ಚಹಾದ ಹೊತ್ತಿಗೆ ಮರಾಠಿ ಮಿತ್ರರ ಮುಂದೆ, “ಅಲ್ಲಿಯ ಒಂದನೆಯ ಗುಹೆಯಲ್ಲಿ ನಮ್ಮ ಇಮ್ಮಡಿ ಪುಲಕೇಶಿಯ ಚಿತ್ರವಿದೆ, ಪರ್ಷಿಯದ ದೊರೆ ಅವನಿಗೆ ಕಾಣಿಕೆ ಕಳುಹಿದ್ದಾನೆ” ಎಂದು ಜಂಬ ಕೊಚ್ಚುವುದನ್ನೇನೂ ಬಿಟ್ಟಿರಲಿಲ್ಲ. ಮನೆಯಲ್ಲಿ ಏಳನೆಯ ತರಗತಿಯ ಮಗನಿಗೂ ಇದೇ ಪಾಠ. ದೀಪಾವಳಿಯ ರಜೆಯಲ್ಲಿ ಅವನು ಹಟ ಹಿಡಿದನು. ಬುತ್ತಿ ಕಟ್ಟಿಕೊಂಡು ಹೊರಟೆವು.

ಫರ್ದಾಪುರದ ಕೂಡುರಸ್ತೆಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಕುದುರೆಲಾಳದಂತೆ ಬಾಗಿದ ಕಣಿವೆ. ಅದರ ಕಡಿದಾದ ಕಲ್ಲುಗೋಡೆಯಲ್ಲಿ ಮೂವತ್ತರಷ್ಟು ಗುಹೆಗಳ ಸಾಲು. ಒಂದನೆಯದು ವಿಹಾರ, ಎಂದರೆ ಭಿಕ್ಷುಗಳ ಮನೆ. ಇಪ್ಪತ್ತು ಕಂಬಗಳ ನಡುಮನೆ, ಸುತ್ತ ಹದಿನಾಲ್ಕು ಕೋಣೆ, ಎದುರಿಗೆ ಬುದ್ಧನ ಗರ್ಭಗುಡಿ. “ನಮ್ಮೂರ ತೊಟ್ಟಿಮನೆಯಂತೆಯೇ ಇದೆ, ತೊಟ್ಟಿಯೊಂದಿಲ್ಲ” ಎಂದಳು ಮನೆಯಾಕೆ.

ಕತ್ತೆತ್ತಿ ನೋಡಿದೆವು. ಮೇಲಿರುವುದು ಬಂಡೆಯೆಂಬುದೇ ಮರೆತುಹೋಯಿತು. ಮದುವೆ ಚಪ್ಪರದಲ್ಲಿ ಬಣ್ಣದ ಮೇಲ್ಕಟ್ಟು ಕಟ್ಟಿದ ಹಾಗೆ ಚಾವಣಿಯ ತುಂಬ ಚಿತ್ರ! ನಡುವೆ ದೊಡ್ಡ ವೃತ್ತ, ಸುತ್ತ ಚೌಕಗಳು. ಚೌಕಗಳಲ್ಲಿ ಹೂವು, ಹಣ್ಣು, ಹಕ್ಕಿ, ಕಮಲಗಳ ನಡುವೆ ಕುಣಿಯುವ ಆನೆ. ಬಂಡೆಗೆ ಹೊಟ್ಟು, ನಾರು ಬೆರೆಸಿದ ಮಣ್ಣಿನ ಗಿಲಾವು ಮೆತ್ತಿ, ತೆಳುವಾಗಿ ಬಿಳಿ ಲೇಪ ಕೊಟ್ಟು, ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆದಿದ್ದಾರೆ. ಕೆಂಪು, ಹಳದಿ ಮಣ್ಣಿನ ಬಣ್ಣಗಳು. ನೀಲಿ ಮಾತ್ರ ದೂರದ ಆಫ್ಘಾನಿಸ್ತಾನದ ಕಲ್ಲಿನದು.

ಅದೇ ಚಾವಣಿಯಲ್ಲಿ ಮೊನಚು ಟೊಪ್ಪಿಗೆ ಹಾಕಿ, ಕೈಯಲ್ಲಿ ಬಟ್ಟಲು ಹಿಡಿದು ಕುಳಿತ ಗಡ್ಡದ ಪರದೇಶಿಯೊಬ್ಬನಿದ್ದಾನೆ. 1879ರಲ್ಲಿ ಫರ್ಗ್ಯೂಸನ್ ಎಂಬ ಸ್ಕಾಟಿಷ್ ವಿದ್ವಾಂಸನು ಇವನನ್ನು ಪರ್ಷಿಯದ ಇಮ್ಮಡಿ ಖುಸ್ರುವೆಂದೂ, ಗೋಡೆಯ ಮೇಲಿನ ರಾಜಸಭೆಯನ್ನು ಪುಲಕೇಶಿಯದೆಂದೂ ಬರೆದನು. ನಮ್ಮ ಪಾಠದ ಮೂಲ ಇದೇ. ಮಗನಿಗೆ ಬೆರಳು ಮಾಡಿ ತೋರಿಸುತ್ತಿದ್ದಾಗ ಮಾರ್ಗದರ್ಶಿ ನಸುನಕ್ಕರು: “ಇದು ವಾಕಾಟಕ ಹರಿಷೇಣನ ಕಾಲದ ಗುಹೆ, ಐದನೆಯ ಶತಮಾನದ್ದು. ಪುಲಕೇಶಿ ಪಟ್ಟಕ್ಕೆ ಬಂದದ್ದು ಏಳನೆಯದರಲ್ಲಿ. ಹುಟ್ಟುವ ಮೊದಲೇ ಚಿತ್ರ ಬರೆಯುವುದುಂಟೇ?”

ಮಗನು ನಮ್ಮ ಮುಖ ನೋಡಿದನು. ಮನೆಗೆ ಬಂದು ಪುಸ್ತಕ ತಿರುವಿದರೆ, ಇಂದಿನ ಬಹುತೇಕ ವಿದ್ವಾಂಸರ ಮಾತೂ ಅದೇ.

“ಹಾಗಾದರೆ ಅಲ್ಲಿ ನಮ್ಮದೇನೂ ಇಲ್ಲವೇ ಅಪ್ಪಾ?” ಎಂದನು. ಕೂಡಲೇ ಉತ್ತರ ಹೊಳೆಯಲಿಲ್ಲ. ಆ ಟೊಪ್ಪಿಗೆಯವನು ಖುಸ್ರುವಲ್ಲದಿದ್ದರೂ ಪರದೇಶದವನು. ಭಿಕ್ಷುಗಳು ತಮ್ಮ ಮನೆಯ ಚಾವಣಿಯಲ್ಲಿ ಅವನಿಗೂ ಒಂದು ಚೌಕ ಬಿಟ್ಟುಕೊಟ್ಟಿದ್ದಾರೆ. ಪರವೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ನಮಗೆ ಅದೇನು ಸಣ್ಣ ಮಾತೇ? ಇಷ್ಟನ್ನೇ ಹೇಳಿದೆವು. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ರಜೆ ಮುಗಿದ ದಿನ ಕಚೇರಿಯಲ್ಲಿ ನಾವೇ ಮಾತೆತ್ತಿ ತಪ್ಪೊಪ್ಪಿಕೊಂಡೆವು. ನಗುತ್ತಾರೆಂದು ಎಣಿಸಿದ್ದೆವು. ಪಕ್ಕದ ಮೇಜಿನ ಮಿತ್ರರು ತಮ್ಮ ಚಹಾದಲ್ಲಿ ಅರ್ಧ ನಮಗೆ ಬಗ್ಗಿಸಿ, “ಚಿತ್ರ ಹೋದರೆ ಹೋಗಲಿ. ಪುಲಕೇಶಿಯ ಊರು ಇದ್ದೇ ಇದೆಯಲ್ಲ, ಬಾದಾಮಿಗೆ ನಮ್ಮನ್ನು ಯಾವಾಗ ಕರೆದೊಯ್ಯುತ್ತೀರಿ?” ಎಂದರು.

ಬರುವ ಬೇಸಗೆಗೆ ಎರಡು ಸಂಸಾರಗಳೂ ಕೂಡಿ ಹೊರಡುವುದೆಂದು ನಿಶ್ಚಯವಾಗಿದೆ. ಅಜಂತೆಗೆ ಹೋಗುವ ವಾಚಕರಿಗೆ ಒಂದು ಸೂಚನೆ: ಸೋಮವಾರ ಗುಹೆಗಳಿಗೆ ರಜೆ.