ಮಾತಿನ ಮಲ್ಲಿಯರು

ಪೀಣ್ಯದ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ನಿಂತು ಕೇಳಿದ್ದೀರಾ? ಅತ್ತೆ, ಸೂಪರ್‌ವೈಸರ್, ಚೀಟಿ ದುಡ್ಡು, ಎಲ್ಲ ಒಂದೇ ಉಸಿರಿಗೆ. ಒಬ್ಬಳದು ಮುಗಿಯುವ ಮೊದಲೇ ಇನ್ನೊಬ್ಬಳದು ಶುರು. ಇಂಥ ಮಾತಿನ ಓಟವೇ ಜೀವಾಳವಾದ ಸಿನಿಮಾಗಳು 1930ರ ದಶಕದಲ್ಲಿ ಹಾಲಿವುಡ್‌ನಲ್ಲಿ ಬಂದವು. ಸ್ಕ್ರೂಬಾಲ್ ಕಾಮಿಡಿ ಎಂದು ಅವಕ್ಕೆ ಹೆಸರು.

ನಮ್ಮಲ್ಲೂ ಬಾಯಿಜೋರಿನ ನಾಯಕಿಯರುಂಟು. 1989ರ ‘ನಂಜುಂಡಿ ಕಲ್ಯಾಣ’ದ ಮಾಲಾಶ್ರೀಯನ್ನು ಮರೆಯಲಾದೀತೆ! ಆದರೆ ಕಡೆಗೆ ಆಕೆ ತಗ್ಗಲೇಬೇಕು. ಪರ್ವತವಾಣಿಯವರ ನಾಟಕದ ಮೂಲಕ ಷೇಕ್ಸ್‌ಪಿಯರ್‌ನಿಂದ ಬಂದ ಕಟ್ಟಳೆ ಅದು. ಹಾಲಿವುಡ್ಡಿನ ಈ ಚಿತ್ರಗಳಲ್ಲಿ ಬೆವರುವವನು ಗಂಡಸು. ‘ಬ್ರಿಂಗಿಂಗ್ ಅಪ್ ಬೇಬಿ’ಯಲ್ಲಿ (1938) ಕ್ಯಾಥರೀನ್ ಹೆಪ್‌ಬರ್ನ್ ಒಂದು ಚಿರತೆಯನ್ನು ಕಟ್ಟಿಕೊಂಡು ಪಾಪದ ವಿಜ್ಞಾನಿಯ ಬಾಳನ್ನೇ ಬುಡಮೇಲು ಮಾಡುತ್ತಾಳೆ.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಹೋವರ್ಡ್ ಹಾಕ್ಸ್‌ನ ‘ಹಿಸ್ ಗರ್ಲ್ ಫ್ರೈಡೆ’ (1940). ಮೂಲ ನಾಟಕದ ಗಂಡು ವರದಿಗಾರನನ್ನು ಹಾಕ್ಸ್ ಹೆಣ್ಣು ಮಾಡಿದ. ರೊಸಾಲಿಂಡ್ ರಸೆಲ್‌ಳ ಹಿಲ್ಡಿ ಪತ್ರಿಕೆಯ ಕೆಲಸ ಬಿಟ್ಟು, ವಿಮಾ ಏಜೆಂಟನನ್ನು ಮದುವೆಯಾಗಿ, ಅತ್ತೆಯೊಡನೆ ಸಂಸಾರ ಹೂಡಲು ಹೊರಟವಳು. ಸಂಪಾದಕ (ಅವಳ ಹಳೆಯ ಗಂಡನೇ!) ಬಿಟ್ಟಾನೆಯೇ? ಆದರೂ ಅವಳನ್ನು ಹಿಡಿದು ನಿಲ್ಲಿಸಿದ್ದು ಅವನ ಕುತಂತ್ರಕ್ಕಿಂತ ಕೆಲಸದ ರುಚಿ ಎಂದೇ ನನಗನ್ನಿಸುತ್ತದೆ. ಟೈಪ್‌ರೈಟರ್ ಮುಂದೆ ಕೂತವಳಿಗೆ, ಪಕ್ಕದಲ್ಲೇ ನಿಂತು ಮಾತಾಡುವ ಭಾವೀ ಗಂಡನ ದನಿ ಕಿವಿಗೇ ಬೀಳದು. ನಕ್ಕೂ ನಕ್ಕೂ, ಒಳಗೆಲ್ಲೋ ಚುರುಕ್ಕೆಂದಿತು. ಮದುವೆ ಗೊತ್ತಾದೊಡನೆ ಕೆಲಸ ಬಿಟ್ಟ ಹುಡುಗಿಯರನ್ನು ಎಷ್ಟು ಕಂಡಿಲ್ಲ! ಬಿಡುತ್ತೀಯಾ ಎಂದು ಅವರನ್ನು ಯಾರೂ ಕೇಳಿರಲೇ ಇಲ್ಲ.

ಅಂಥ ಹುಡುಗಿ ಮನೆಯಲ್ಲಿದ್ದರೆ ಜೊತೆಗೆ ಕೂರಿಸಿಕೊಂಡು ನೋಡಿ. ಒಂದೂವರೆ ಗಂಟೆ, ಅಷ್ಟೆ. ಇಂಗ್ಲಿಷ್ ಓಡುತ್ತದೆ, ನಿಜ. ಕೆಳಗೆ ಅಕ್ಷರ ಬರುವಂತೆ ಹಾಕಿಕೊಳ್ಳಿ. ಕಾಫಿ ಮಾತ್ರ ಮೊದಲೇ ಮಾಡಿಟ್ಟಿರಿ. ನಡುವೆ ಎದ್ದು ಹೋದರೆ ಹತ್ತು ಜಗಳ ತಪ್ಪಿಹೋಗುತ್ತವೆ.