ಬಂಗಾರಪೇಟೆಗೆ ಬಾರದ ಪುಸ್ತಕ

ನನ್ನ ಚಿಕ್ಕಪ್ಪನ ಮಗಳು ಕೆಜಿಎಫ್ ಗಣಿ ಕಾರ್ಮಿಕರ ಬಗ್ಗೆ ಪಿಎಚ್‌ಡಿ ಮಾಡ್ತಿದ್ದಾಳೆ. ಗಣಿ 2001ರಲ್ಲೇ ಮುಚ್ಚಿತು. ಆದರೂ ಅವರ ಮನೆ ಕಿಟಕಿ ತೆಗೆದರೆ ಸೈನೈಡ್ ದಿಬ್ಬ ಕಾಣುತ್ತೆ. ವಿಷಯ ಮನೆ ಬಾಗಿಲಲ್ಲೇ ಇದೆ, ಪುಸ್ತಕ ಇಲ್ಲ.

ಅವಳಿಗೆ ಬೇಕಿದ್ದದ್ದು ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’. 1998ರದ್ದು. ಮೈಸೂರು ಸಂಸ್ಥಾನದ ಕಾಲದ ನಮ್ಮ ಗಣಿಯವರ, ಬೆಂಗಳೂರಿನ ಮಿಲ್ಲಿನವರ ಚರಿತ್ರೆ. 1930ರಲ್ಲಿ ಎಲ್ಲರ ಬೆರಳಚ್ಚು ತಗೊಂಡು ರಿಜಿಸ್ಟರ್ ಮಾಡ್ತೀವಿ ಅಂದಾಗ ಗಣಿಯವರು ಕೆಲಸ ನಿಲ್ಲಿಸಿದರು. ಚಾಂಪಿಯನ್ ರೀಫ್‌ನಲ್ಲಿದ್ದ ನಮ್ಮ ಮುತ್ತಾತನೂ ಆಗ ಕೆಳಗಿಳಿಯಲಿಲ್ಲ ಅಂತ ಮನೆಯಲ್ಲಿ ಹೇಳ್ತಾರೆ. (ನಾನು ದಿನಾ ಆಫೀಸಿನ ಗೇಟಲ್ಲಿ ಹೆಬ್ಬೆಟ್ಟು ಒತ್ತಿಯೇ ಒಳಗೆ ಹೋಗೋದು, ಅದು ಬೇರೆ ಮಾತು.)

“ಅಣ್ಣಾ, ನೀನು ಬೆಂಗಳೂರಲ್ಲಿದ್ದೀಯಲ್ಲ, ಸ್ವಲ್ಪ ನೋಡು” ಅಂದಳು. ನೋಡಿದೆ. ಹಳೇ ಪ್ರತಿಗೆ ಒಬ್ಬ ಕೇಳಿದ ದುಡ್ಡು ಅವಳ ಪಾರ್ಟ್‌ಟೈಮ್ ಸಂಬಳದ ಅರ್ಧ.

“ಸರ್ಕಾರ ‘ಒಂದು ದೇಶ, ಒಂದು ಚಂದಾ’ ತಂದಿದೆಯಲ್ಲ?” ಅಂತ ಜಾಣತನ ತೋರಿಸಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್. ನಕ್ಕಳು. ಅಲ್ಲಿರೋದು ಜರ್ನಲ್, ಪುಸ್ತಕ ಅಲ್ಲ. ಭೌತಶಾಸ್ತ್ರದವರಿಗೆ ಕಳೆದ ತಿಂಗಳ ಹತ್ತು ಪುಟದ ಪೇಪರ್ ಸಾಕಾಗಬಹುದು. ಚರಿತ್ರೆಯವರು ವರ್ಷಗಟ್ಟಲೆ ಕಡತ ಕೆದಕಿ ಕೊನೆಗೆ ಬರೆಯೋದು ಪುಸ್ತಕ. ಇಪ್ಪತ್ತೈದು ವರ್ಷವಾದರೂ ಅದರ ಕೆಲಸ ಮುಗಿಯಲ್ಲ, ಅಂಗಡಿಯಿಂದ ಮಾತ್ರ ಮಾಯ.

ಕೊನೆಗೆ ಬೆಂಗಳೂರಿನ ಒಂದು ಲೈಬ್ರರಿಯಲ್ಲಿ ಸಿಕ್ಕಿತು. ಹೊರಗಿನವರು ಅಲ್ಲೇ ಕೂತು ಓದಬೇಕು. ಮಾರಿಕುಪ್ಪಂ ಟ್ರೈನಲ್ಲಿ ಎರಡು ಗಂಟೆಗೂ ಮೇಲೆ ಕೂತು ಬಂದವಳು, ಮೊದಲ ಶನಿವಾರ ಗೈಡ್ ಪತ್ರ ಇಲ್ಲ ಅಂತ ಗೇಟಿಂದಲೇ ವಾಪಸ್. ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನುತ್ತಾ ಫೋನ್ ಮಾಡಿದಳು: “ನಮ್ಮ ಬಂಗಾರಪೇಟೆ ಚಾಟ್ಸು ಬೆಂಗಳೂರಿನ ಗಲ್ಲಿಗಲ್ಲಿಗೂ ಬಂತು. ಒಂದು ಪುಸ್ತಕ ಈ ಕಡೆ ಬರಲ್ಲ ನೋಡಣ್ಣ.”

ಮುಂದಿನ ಶನಿವಾರ ಪತ್ರ ತಂದಳು. ಸಂಜೆವರೆಗೂ ನೋಟ್ಸ್ ಬರೆದು, ಮುಷ್ಕರದ ಪುಟಗಳನ್ನಷ್ಟೇ ಫೋನಲ್ಲಿ ತೆಗೆದುಕೊಂಡು ಹೋದಳು. ರಾತ್ರಿ ಅದನ್ನು ತಾತನಿಗೆ ಕನ್ನಡದಲ್ಲಿ ಹೇಳಿದಳಂತೆ. ತಾತ ಪೂರ್ತಿ ಕೇಳಿಸಿಕೊಂಡು, “ಇದನ್ನ ನಮ್ಮ ಲೈನ್ ಮನೆಯವರು ಯಾರಾದ್ರೂ ಓದಿದ್ದಾರೇನಮ್ಮಾ?” ಅಂದರಂತೆ.

ಎರಡು ಪುಟ ಮಸುಕಾಗಿವೆ. ಈ ಶನಿವಾರ ನಾನೇ ಹೋಗ್ತಿದ್ದೀನಿ.